ಜಮಖಾನ ಹಾಸಿದ ಕೋಣೆ

ದಾಕ್ಷಾಯಣಿಯ ಸ್ಲೇಟು ಸದ್ದು ಮಾಡುತ್ತಿಲ್ಲ ಎಂದು ಮೂರನೆಯ ಇಯತ್ತೆಯ ಟೀಚರು ಬರೆದ ಚೀಟಿ ಒಂದು ಸೋಮವಾರ ಕೋರ್ಟಿಗೆ ಬಂತು. ನಮ್ಮೂರಿನ ಶಾಲೆಗಳಲ್ಲಿ ಹಾಜರಿ ಹಾಕುವುದು ಸ್ಲೇಟಿನ ಮೇಲೆ. ಹೆಸರು ಕರೆದಾಗ ಮಗು ಬೆರಳ ಗೆಣ್ಣಿನಿಂದ ಸ್ಲೇಟನ್ನು ಎರಡು ಸಲ ಬಡಿಯಬೇಕು. ಟೀಚರು ಐದು ದಿನ ಕಾದಿದ್ದರು, ಸ್ಲೇಟು ಬದಲಿಸಿ ನೋಡಿದ್ದರು, ಕೊನೆಗೆ ಶಾಲೆಯ ಗಂಟೆ ಬಾರಿಸುವ ಸುತ್ತಿಗೆಯನ್ನೇ ಹುಡುಗಿಯ ಕೈಗೆ ಕೊಟ್ಟಿದ್ದರು. ಹುಡುಗಿ ಹೊಡೆದಳು. ಗಂಟೆ ತೂಗಾಡಿತು, ಸದ್ದು ಬರಲಿಲ್ಲ. ಆಮೇಲೆ ತಾವು ಬೇರೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ ಎಂದು ಚೀಟಿಯ ಕೊನೆಗೆ ಬರೆದಿದ್ದರು.

ಬಹಳ ದಿನ ಯಾರ ಲಕ್ಷ್ಯವೂ ಇಲ್ಲದೆ ಉಳಿದ ಮಕ್ಕಳಿಗೆ ನಮ್ಮಲ್ಲಿ ಹೀಗಾಗುತ್ತದೆ. ಮಾತು ಇರುತ್ತದೆ. ಓಡಿದರೆ ಹೆಜ್ಜೆ ಕೇಳುವುದಿಲ್ಲ, ತಾಟು ಕೈಜಾರಿದರೆ ಕೇಳುವುದಿಲ್ಲ, ಕಲ್ಲು ಎಸೆದರೆ ಕಲ್ಲು ಬಿದ್ದದ್ದು ಕಣ್ಣಿಗಷ್ಟೇ ಗೊತ್ತು. ಊರು ಇದಕ್ಕೆ ಹೊಂದಿಕೊಂಡೇ ಬದುಕುತ್ತದೆ. ಚಪ್ಪಲಿ ಹೊಲಿಯುವವರು ಮಕ್ಕಳ ಚಪ್ಪಲಿಯ ಹಿಮ್ಮಡಿಗೆ ಕೇಳದೆಯೇ ಕಬ್ಬಿಣದ ಮೊಳೆ ಹೊಡೆದು ಕೊಡುತ್ತಾರೆ. ಅಡುಗೆಮನೆಯಲ್ಲಿರುವ ತಾಯಂದಿರು ಹೆಸರು ಕೂಗುವ ಬದಲು ಸೌಟಿನಿಂದ ಗೋಡೆ ಕುಟ್ಟುತ್ತಾರೆ, ಆಚೆಯಿಂದ ಮಗು ಮರಳಿ ಕುಟ್ಟುತ್ತದೆ. ಮದುವೆ ಮನೆಯಲ್ಲಾಗಲಿ ಸಿನಿಮಾ ಥಿಯೇಟರಿನಲ್ಲಾಗಲಿ ಮಕ್ಕಳಿಗೆ ಯಾರೂ ಸುಮ್ಮನಿರಲು ಹೇಳುವುದಿಲ್ಲ. ಬೇರೆ ಊರಿಂದ ಬಂದ ನೆಂಟರು ಎರಡನೆಯ ದಿನಕ್ಕೆ ತಲೆನೋವಿನ ಗುಳಿಗೆ ಕೇಳುತ್ತಾರೆ. ಆ ಗದ್ದಲ ನಮಗೆ ಹೆಮ್ಮೆಯ ವಿಷಯ. ನಮ್ಮೂರಲ್ಲಿ ಮಕ್ಕಳನ್ನು ಹೊಡೆದು ಬಡಿದು ಮಾಡುವವರಿಲ್ಲ ಎಂಬ ಹೆಮ್ಮೆಯೂ ಇತ್ತು. ಅಂಥ ಕೇಸು ಕೋರ್ಟಿಗೆ ಬಂದದ್ದನ್ನು ನಾನಂತೂ ನೋಡಿರಲಿಲ್ಲ.

ಸದ್ದು ಹೋದ ಮಗುವನ್ನು ಮೊದಲೆಲ್ಲ ಕೋರ್ಟಿನ ಹಲಗೆ ನೆಲದ ಮೇಲೆ ಹತ್ತು ಹೆಜ್ಜೆ ನಡೆಸುತ್ತಿದ್ದರಂತೆ. ಕಿಕ್ಕಿರಿದ ಜನ ಉಸಿರು ಬಿಗಿಹಿಡಿದು ಕೇಳುವುದು, ಏನೂ ಕೇಳದಿದ್ದಾಗ ತಾಯಿ ತಂದೆ ತಲೆ ತಗ್ಗಿಸುವುದು. ಅವಮಾನಕ್ಕೆ ಹೆದರಿ ಜನ ಸುಳ್ಳು ಹೇಳಲು ಕಲಿತರು. ಒಬ್ಬ ತಂದೆ ಕಟಕಟೆಯ ಹಿಂದೆ ನಿಂತು ಮಗನ ಹೆಜ್ಜೆಗೆ ಸರಿಯಾಗಿ ತಾನೇ ಕಾಲು ಕುಟ್ಟುತ್ತಿದ್ದನಂತೆ. ನ್ಯಾಯಾಧೀಶರಾಗಿ ಅಂಬುಜಾಕ್ಷಿ ಮೇಡಂ ಬಂದ ಮೇಲೆ ಇದನ್ನೆಲ್ಲ ನಿಲ್ಲಿಸಿ, ದಫ್ತರದ ಪಕ್ಕದ ಕೋಣೆಯನ್ನು ಮಧ್ಯಸ್ಥಿಕೆಗೆಂದು ಬಿಡಿಸಿದರು. ಯಾವ ಮಗುವಿನ ಹೆಜ್ಜೆಯನ್ನೂ ಯಾರೂ ಅಳೆಯದಿರಲಿ ಎಂದು ಗೋಡೆಯಿಂದ ಗೋಡೆಗೆ ದಪ್ಪ ಜಮಖಾನ ಹಾಸಿಸಿದರು. ಒಂದು ನಿಯಮ ಮಾಡಿದರು: ಆ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ತಮ್ಮ ಕಿವಿಗೂ ಬೀಳಬಾರದು. ಎಲ್ಲರೂ ಒಪ್ಪಿ ಸಹಿ ಮಾಡಿದ ಒಂದು ಹಾಳೆ ಮಾತ್ರ ಹೊರಗೆ ಬರಬೇಕು.

ಆ ಕೋಣೆಯ ಮಧ್ಯಸ್ಥನಾಗಿ ನಾನು ಸೇರಿ ನಾಲ್ಕು ವರ್ಷವಾಗಿತ್ತು. ತತ್ವಶಾಸ್ತ್ರದ ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಎದುರಿನವರು ಸುಮ್ಮನಾದಾಗ ನಾನೂ ಸುಮ್ಮನಿರುವುದು. ಕೋರ್ಟಿನ ಜಮಾದಾರ ಹುಸೇನಸಾಬ ನನ್ನನ್ನು ಚೇಷ್ಟೆ ಮಾಡುತ್ತಿದ್ದ. "ನಿಮ್ಮನ್ನ ಯಾಕ ಆರಿಸ್ಯಾರ ಗೊತ್ತೇನ್ರಿ ಸರ? ನೀವು ಬಾಯಿ ತೆಗಿಯೂದ್ರೊಳಗ ಎದುರಿನವ್ರು ಬ್ಯಾಸತ್ತು ರಾಜಿ ಆಗಿರ್ತಾರ." ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಾನು ಒಂಬತ್ತು ವರ್ಷದವನಿದ್ದಾಗ ನಮ್ಮವ್ವ ದೂರದ ಊರಿನ ಆಸ್ಪತ್ರೆಯಲ್ಲಿ ಎಂಟು ತಿಂಗಳು ಮಲಗಿದ್ದಳು. ಆ ಎಂಟು ತಿಂಗಳು ನನಗೂ ಸದ್ದಿರಲಿಲ್ಲ. ಹಾಜರಿಯಲ್ಲಿ ಪಕ್ಕದ ಹುಡುಗ ನನ್ನ ಸ್ಲೇಟು ಬಡಿದು ಕಾಪಾಡುತ್ತಿದ್ದ. ದೊಡ್ಡವರ ಬೆನ್ನ ಹಿಂದೆಯೇ ನಡೆಯುತ್ತಿದ್ದೆ, ಅವರು ತಿರುಗಿ ನೋಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ಅದು ನನಗೆ ಹಿಡಿಸಿತ್ತು. ಅವ್ವ ಗುಣವಾಗಿ ಬಂದು ನನ್ನ ಹೆಜ್ಜೆ ಮತ್ತೆ ಕೇಳತೊಡಗಿದಾಗ ಯಾರೋ ನನ್ನ ಅಂಗಿ ಕಸಿದುಕೊಂಡ ಹಾಗೆ ಅನಿಸಿತ್ತು.

ದಾಕ್ಷಾಯಣಿಯ ಕೇಸಿನಲ್ಲಿ ಜಮಖಾನದ ಮೇಲೆ ಮೂವರು ಬಂದು ಕೂತರು. ತಾಯಿ ಕಸ್ತೂರೆವ್ವ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಸೋಡಾ ನೀರಿಗೆ ಬೆರಳ ತುದಿ ಬಿಳಿಚಿ ಸುಕ್ಕಾಗಿತ್ತು. ಗಂಡ ಕಾಮಾಲೆಯಿಂದ ತೀರಿಕೊಂಡು ಎರಡು ವರ್ಷ. ಇನ್ನೊಬ್ಬಳು ಗಂಡನ ಅಕ್ಕ ಲೀಲವ್ವ, ಮಕ್ಕಳಿಲ್ಲದವಳು, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುವವಳು. ನಡುವೆ ಎಂಟು ವರ್ಷದ ದಾಕ್ಷಿ. ಮೂರು ತಿಂಗಳಲ್ಲಿ ಮನೆಯವರ ಬಳಿ ಸದ್ದು ಮರಳದಿದ್ದರೆ ಹುಡುಗಿ ಸರಕಾರಿ ಬಾಲಮಂದಿರಕ್ಕೆ ಹೋಗಬೇಕು, ಅದು ಊರಿನ ಕಾಯಿದೆ. ಅವಳು ಯಾರ ಮನೆಯಲ್ಲಿ ಇರಬೇಕೆಂದು ಇಬ್ಬರು ಹೆಂಗಸರೂ ಕೂಡಿ ಒಪ್ಪಿಕೊಳ್ಳುವಂತೆ ಮಾಡುವುದು ನನ್ನ ಕೆಲಸ.

ನಾನು ಎಂದಿನಂತೆ ನಿಯಮ ಹೇಳಿದೆ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ ಎಂದಾಗ ದಾಕ್ಷಿ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಮೂವರೂ ಸುಮ್ಮನೆ ಕೂತರು. ನಾನು ಕಾದೆ. ಕೊನೆಗೆ ತಾಯಿಯೇ ಮಾತಾಡಿದಳು.

"ಶಾಂತ ಹುಡುಗಿ ಅಂತ ತಿಳ್ಕೊಂಡಿದ್ನಿರಿ ಸರ. ಹಟ ಇಲ್ಲ, ಭಾಂಡೆ ಸಪ್ಪಳಿಲ್ಲ. ಕೆಲಸದಿಂದ ಬಂದು ಮಲಗಿದ್ರ ಎಬ್ಬಸ್ತಿದ್ದಿಲ್ಲ. ನನ್ನ ಪುಣ್ಯಾ ಅನ್ಕೊಂಡಿದ್ದೆ."

ಲೀಲವ್ವ ಬಿಡಲಿಲ್ಲ. ತನ್ನ ತಮ್ಮ ಬದುಕಿದ್ದಾಗ ಈ ಹುಡುಗಿ ಓಣಿ ತುಂಬ ಸದ್ದು ಮಾಡುತ್ತಿತ್ತು, ಅವನು ಹೋದ ಮೇಲೆ ಈ ತಾಯಿ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ ಎಂದಳು. ಒಂದು ಸಲ ಹಬ್ಬಕ್ಕೆ ಕರೆಯಲು ಹೋದಾಗ ಹುಡುಗಿ ನಾಲ್ಕು ದಿನದಿಂದ ಒಂದೇ ಲಂಗದಲ್ಲಿತ್ತು, ತಾಯಿಯನ್ನು ಕೇಳಿದರೆ ಅವಳಿಗೆ ವಾರದ ನೆನಪೇ ಇರಲಿಲ್ಲ ಎಂದಳು. ಕಸ್ತೂರೆವ್ವ ಯಾವುದನ್ನೂ ಅಲ್ಲಗಳೆಯಲಿಲ್ಲ. ಬೈಗುಳಕ್ಕೆ ಹೌದೆಂದು ತಲೆಯಾಡಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ಇವಳು ಬೇರೆ ಯಾರದೋ ಸುದ್ದಿ ಕೇಳುವಂತೆ ಕೇಳುತ್ತಿದ್ದಳು. ಹದಿನೈದು ದಿನ ಹುಡುಗಿ ಅತ್ತೆಯ ಮನೆಯಲ್ಲಿದ್ದು ನೋಡಲಿ ಎಂದು ನಾನು ಸೂಚಿಸಿದಾಗ ಅವಳು ಕೂಡಲೇ ಒಪ್ಪಿದಳು. ಅಲ್ಲಿ ಸಪ್ಪಳ ಬಂದರೆ ಅಲ್ಲೇ ಇರಲಿ ಎಂದಳು. ದಾಕ್ಷಿಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಒಂಬತ್ತನೆಯ ದಿನಕ್ಕೇ ಸುದ್ದಿ ಬಂತು. ಲೀಲವ್ವನ ಓಣಿಯವರೆಲ್ಲ ಕೇಳಿದ್ದರು, ಹುಡುಗಿ ಕೊಡ ಎತ್ತಿದರೆ ಕೊಡದ ಸದ್ದು, ಮೆಟ್ಟಿಲು ಇಳಿದರೆ ಮೆಟ್ಟಿಲ ಸದ್ದು. ಶಾಲೆಯಲ್ಲಿ ಸ್ಲೇಟು ಟಕಟಕ ಎಂದಿತಂತೆ, ಟೀಚರು ಇಡೀ ತರಗತಿಗೆ ಪೆಪ್ಪರಮೆಂಟು ಹಂಚಿದರಂತೆ. ಹದಿನೈದು ದಿನ ತುಂಬಿದ ಮೇಲೆ ಮತ್ತೆ ಎಲ್ಲರೂ ಕೂತಾಗ ಒಪ್ಪಂದದ ಹಾಳೆ ನನ್ನ ಮುಂದೆ ಸಿದ್ಧವಿತ್ತು. ಹುಡುಗಿ ಅತ್ತೆಯ ಬಳಿ ಇರುವುದು, ತಾಯಿ ಭಾನುವಾರ ಬಂದು ನೋಡುವುದು. ಸಹಿ ಹಾಕುವುದಷ್ಟೇ ಉಳಿದಿತ್ತು. ಹುಸೇನಸಾಬ ದೊಡ್ಡವರಿಗೆ ಚಹಾ, ಹುಡುಗಿಗೆ ಸ್ಟೀಲಿನ ಲೋಟದಲ್ಲಿ ಹಾಲು ತಂದಿಟ್ಟ.

ದಾಕ್ಷಿ ಹಾಲು ಕುಡಿದು ಲೋಟವನ್ನು ಕೆಳಗಿಡುವಾಗ ಅದು ಚಹಾದ ತಟ್ಟೆಗೆ ತಗುಲಿತು. ಠಣ್ಣೆಂದಿತು. ಬಾಗಿಲಲ್ಲಿದ್ದ ಹುಸೇನಸಾಬ ನಕ್ಕ. ಲೀಲವ್ವನ ಕಣ್ಣು ತುಂಬಿ ಬಂತು. ಕಸ್ತೂರೆವ್ವ ಪೆನ್ನಿಗಾಗಿ ಕೈ ಚಾಚಿದಳು. ಎಲ್ಲರ ಕಿವಿ ಲೋಟದ ಮೇಲಿತ್ತು. ನಾನು ಆ ಹೊತ್ತಿಗೆ ಹುಡುಗಿಯನ್ನು ನೋಡುತ್ತಿದ್ದೆ. ಠಣ್ಣೆಂದ ಕೂಡಲೇ ಅವಳ ಎಡಭುಜ ಕಿವಿಯ ತನಕ ಏರಿತು, ಗದ್ದ ಎದೆಗೆ ಒತ್ತಿತು, ಕಣ್ಣು ಅತ್ತೆಯ ಬಲಗೈಗೆ ಹೋಯಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಮತ್ತೆ ನೆಟ್ಟಗೆ ಕೂತಳು.

ಮಗುವಿನೊಡನೆ ಒಂದು ಸಲ ಒಬ್ಬನೇ ಮಾತಾಡುವುದು ಮಧ್ಯಸ್ಥನ ಕರ್ತವ್ಯ, ಅದು ಬಾಕಿ ಉಳಿದಿದೆ ಎಂದು ಹೇಳಿ ಸಹಿಯನ್ನು ಶುಕ್ರವಾರಕ್ಕೆ ಮುಂದೂಡಿದೆ. ಲೀಲವ್ವನಿಗೆ ಸಿಟ್ಟು ಬಂತು. ಸಪ್ಪಳ ಬಂದ ಮೇಲೆ ಇನ್ನು ಕೇಳುವುದೇನು ಉಳಿಯಿತು ಎಂದಳು. ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾಲ್ಕು ವರ್ಷ ನಾನೂ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಇಬ್ಬರೂ ಹೊರಗೆ ಹೋದ ಮೇಲೆ ದಾಕ್ಷಿ ಜಮಖಾನದ ಎಳೆ ಕೀಳುತ್ತ ಕೂತಳು. ಅತ್ತೆಯ ಮನೆ ಹೇಗಿದೆ ಎಂದು ಕೇಳಿದೆ.

"ಅಲ್ಲಿ ಏನ್ ಮುಟ್ಟಿದ್ರೂ ಸಪ್ಪಳ ಆಗ್ತದ್ರಿ."

"ಅದು ಛಲೋ ಅಲ್ಲೇನು?"

"ಸಪ್ಪಳ ಆದ್ರ ಅತ್ತಿಗೆ ಗೊತ್ತಾಗ್ತದ."

 ಅವಳು ಲಂಗವನ್ನು ಮೊಣಕಾಲಿನವರೆಗೆ ಸರಿಸಿ ಮೀನಖಂಡದ ಮೇಲೆ ಬೆರಳಿಟ್ಟಳು. "ನೀರು ಚೆಲ್ಲಿದ್ದಕ್ಕ ಇಲ್ಲಿ. ಹಪ್ಪಳ ತುಳದಿದ್ದಕ್ಕ ಇಲ್ಲಿ. ಲಟ್ಟಣಗಿಲೆ." ಪಾಠ ಒಪ್ಪಿಸುವ ಧಾಟಿಯಲ್ಲಿ ಹೇಳಿದಳು. ಅತ್ತೆ ದಿನವಿಡೀ ತನ್ನನ್ನೇ ನೋಡುತ್ತಿರುತ್ತಾಳೆ, ಅಡುಗೆಮನೆಯಲ್ಲಿದ್ದರೂ ಕಿವಿ ತನ್ನ ಕಡೆಗೇ ಇರುತ್ತದೆ ಎಂದಳು. ಅವ್ವನ ಮನೆಯಲ್ಲಿ ತಾಟು ಬಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ಚೆನ್ನಾಗಿತ್ತು ಎಂದಳು. ಹಾಗಾದರೆ ಇದನ್ನು ನಿಮ್ಮವ್ವನಿಗೆ ಹೇಳೋಣವೇ ಎಂದು ಕೇಳಿದೆ. ಅವಳು ಲಂಗ ಇಳಿಸಿಕೊಂಡಳು.

"ಯಾರಿಗೂ ಹೇಳಬ್ಯಾಡ್ರಿ. ನೀವ ಅಂದೀರಿ, ಇಲ್ಲೆ ಆಡಿದ ಮಾತು ಹೊರಗ ಹೋಗಂಗಿಲ್ಲಂತ."

ಶುಕ್ರವಾರಕ್ಕೆ ಎರಡು ದಿನವಿತ್ತು. ಯಾವ ಮನೆಯಲ್ಲಿ ಮಗುವಿನ ಮೇಲೆ ಕಿವಿ ಇದೆಯೋ ಅಲ್ಲಿ ಸದ್ದಿರುತ್ತದೆ. ಆ ಕಿವಿ ಯಾತಕ್ಕಾಗಿ ಇದೆ ಎಂದು ಸದ್ದು ಹೇಳುವುದಿಲ್ಲ. ಇಷ್ಟು ಸಣ್ಣ ಮಾತು ನಮ್ಮೂರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಡೆತ ತಿನ್ನುವ ಮಕ್ಕಳ ಹೆಜ್ಜೆ ಸ್ಪಷ್ಟವಾಗಿ ಕೇಳುತ್ತದೆ, ಅವರ ಸ್ಲೇಟು ಗಟ್ಟಿಯಾಗಿ ಬಡಿಯುತ್ತದೆ, ಟೀಚರು ಮುಂದಿನ ಹೆಸರಿಗೆ ಹೋಗುತ್ತಾರೆ. ನಾನೇ ಎಷ್ಟು ಮಕ್ಕಳನ್ನು ಸದ್ದಿರುವ ಮನೆಗಳಿಗೆ ಕಳಿಸಿದ್ದೆನೋ.

ಗುರುವಾರ ಚಹಾ ಕುಡಿಯುತ್ತ ಹುಸೇನಸಾಬನನ್ನು ಸುತ್ತುಬಳಸಿ ಕೇಳಿದೆ, ಮಕ್ಕಳ ಗದ್ದಲ ಬಹಳ ಇರುವ ಮನೆಯ ಮುಂದೆ ಹಾಯುವಾಗ ನಿನಗೆ ಏನನಿಸುತ್ತದೆ ಎಂದು. ಕೂಸು ಚೆನ್ನಾಗಿ ಬೆಳೆಯುತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ ಎಂದ. ತನ್ನ ಪಕ್ಕದ ಮನೆಯಲ್ಲೇ ಒಬ್ಬ ಹುಡುಗನಿದ್ದಾನೆ, ಎಷ್ಟು ಗದ್ದಲವೆಂದರೆ ಭಾಂಡೆ ಬೀಳುವುದು, ಬಾಗಿಲಿಗೆ ಬಡಿಯುವುದು, ಓಡುವುದು ಎಂದು ನಗುತ್ತ ಹೇಳತೊಡಗಿದವನು ನಡುವೆ ನಿಂತ.  ಚಹಾದ ಬಸಿಯನ್ನು ಕೆಳಗಿಟ್ಟ.

"ಓಡೂ ಸಪ್ಪಳ ಅಷ್ಟ ಕೇಳಿದ್ನಿ," ಎಂದ. "ಯಾರು ಬೆನ್ನ ಹತ್ಯಾರ ಅಂತ ಕೇಳಲಿಲ್ಲಲ್ರಿ."

ಹುಡುಗಿಗೆ ನಾನು ಮಾತು ಕೊಟ್ಟಿದ್ದೆ. ಅವಳು ಬೇಡಿದ ಮೌನ ಎಂಥದೆಂದು ನನಗೆ ಗೊತ್ತಿತ್ತು. ಅಂಥದ್ದರಲ್ಲೇ ಎಂಟು ತಿಂಗಳು ನಾನು ಬೆಚ್ಚಗಿದ್ದೆ. ಅದನ್ನು ಒಡೆಯುವವನು ನಾನಾಗಬಾರದೆಂದು ಬಹಳ ಅನಿಸಿತು. ಹಾಗೆ ಅನಿಸಿದ್ದರಲ್ಲಿ ಹುಡುಗಿಯ ಹಿತ ಎಷ್ಟು, ನನ್ನ ಚಟ ಎಷ್ಟು ಎಂದು ಬಿಡಿಸಿ ನೋಡಲು ಕೂತೆ. ಅವಳ ಮೀನಖಂಡದ ಮೇಲಿನ ಎರಡು ಗೆರೆಗಳು ಆ ಲೆಕ್ಕಾಚಾರ ಮುಗಿಯುವವರೆಗೆ ಕಾಯುವಂಥವಲ್ಲ. ಶುಕ್ರವಾರ ಬೆಳಿಗ್ಗೆ ಕೋರ್ಟು ಕೂಡುವ ಮೊದಲೇ ಮೇಡಂ ಕೋಣೆಗೆ ಹೋದೆ.

"ಆ ಕೋಣಿ ಮಾತು ನನ್ನ ತನಕ ತರಬಾರದು ಅಂತ ನಿಯಮ ಮಾಡಿದಾಕಿನ ನಾನು, ಕಲ್ಮೇಶ."

"ಗೊತ್ತದ್ರಿ ಮೇಡಂ."

"ಹೇಳಿದ ಮ್ಯಾಲೆ ನೀ ಮತ್ತ ಅಲ್ಲಿ ಕೂಡಾಕ ಬರಂಗಿಲ್ಲ. ನಿನ್ನ ಮುಂದ ಯಾರೂ ಬಾಯಿ ಬಿಡೂದಿಲ್ಲ."

"ಅದೂ ಗೊತ್ತದ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳು."

ಹೇಳಿದೆ.  ಅವರು ಹಳೆಯ ಒಪ್ಪಂದಗಳ ಕಡತ ತರಲು ಹುಸೇನಸಾಬನಿಗೆ ಹೇಳಿದರು. ಎಷ್ಟು ವರ್ಷದ್ದು ಎಂದು ಅವನು ಕೇಳಿದ. ಎಲ್ಲ ವರ್ಷದ್ದು ಎಂದರು.

ಅಂದು ಮಧ್ಯಾಹ್ನ ಮೇಡಂ ಎದುರಿಗೆ ಲೀಲವ್ವ ಏನನ್ನೂ ಮುಚ್ಚಲಿಲ್ಲ. ಮುಚ್ಚುವಂಥದ್ದು ಇದೆಯೆಂದು ಅವಳಿಗೆ ಅನಿಸಿರಲೇ ಇಲ್ಲ. "ಹೊಡದೇನ್ರಿ. ಅಕಿ ಮ್ಯಾಲೆ ನನ್ನ ಕಣ್ಣದ ಅಂತ ಹೊಡದೇನಿ. ಸಪ್ಪಳ ಬಂದದಿಲ್ಲೋ? ಇಕಿ ಎರಡು ವರ್ಷ ಒಂದು ಏಟು ಹೊಡೀಲಿಲ್ಲ, ಏನಾತು?"  ಕಸ್ತೂರೆವ್ವ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಲಂಗ ಸರಿಸಿ ನೋಡಿದಳು. ಆ ಎರಡು ಗೆರೆಗಳನ್ನು ಅವಳು ನೋಡಿದ ರೀತಿ ಇನ್ನೂ ನನ್ನ ಕಣ್ಣಲ್ಲಿದೆ. ಇಷ್ಟು ದಿನ ಕಾಣದ್ದು ಯಾರೋ ದೀಪ ಹಿಡಿದು ತೋರಿಸಿದ ಹಾಗೆ. ಕರಕೊಂಡು ಹೋಗುತ್ತೇನೆ ಎಂದಳು. ಎರಡು ವರ್ಷದಲ್ಲಿ ಅವಳು ತಾನಾಗಿ ಕೇಳಿದ್ದು ಅದೊಂದೇ ಇರಬೇಕು.

ಮೂರು ತಿಂಗಳಲ್ಲಿ ಉಳಿದ ಅವಧಿ ತಾಯಿಯ ಬಳಿ ಎಂದು ಮೇಡಂ ಆದೇಶ ಮಾಡಿದರು. ಅವಧಿ ಮುಗಿದ ಸೋಮವಾರ ಶಾಲೆಯ ಟೀಚರು ಬಂದು ಕೇಳಬೇಕು, ಸದ್ದಿಲ್ಲದಿದ್ದರೆ ಬಾಲಮಂದಿರ. ಸದ್ದನ್ನು ನಂಬಬಾರದೆಂದು ಅಂದು ಗೊತ್ತಾದರೂ ಕಾಯಿದೆ ಬದಲಿಸುವುದು ಅವರೊಬ್ಬರ ಕೈಯಲ್ಲಿರಲಿಲ್ಲ. ಹೊರಗೆ ಹೋಗುವಾಗ ದಾಕ್ಷಿ ನನ್ನ ಹತ್ತಿರ ಬಂದು ನಿಂತಳು. "ನೀವು ಸುಳ್ಳು ಹೇಳಿದ್ರಿ," ಎಂದಳು, ಮೆಲ್ಲಗೆ. ಅವಳ ಚಪ್ಪಲಿ ಮೆಟ್ಟಿಲಿಳಿದದ್ದು ಕೇಳಿಸಿತು. ಅವ್ವನ ಮನೆ ಸೇರಿದ ಮಾರನೆಯ ದಿನ ಮತ್ತೆ ಕೇಳಿಸಲಿಲ್ಲವಂತೆ.

ನನ್ನ ಜಾಗಕ್ಕೆ ಬೇರೆಯವರು ಬಂದರು. ನಾನು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಬರೆದುಕೊಡಲು ಕೂತೆ. ಹುಸೇನಸಾಬ ತನ್ನ ಪಕ್ಕದ ಮನೆಯ ಬಾಗಿಲು ತಟ್ಟಿದ ಸುದ್ದಿ ಅಲ್ಲಿಗೇ ಬಂದು ಹೇಳಿದ. ಹೊಡೆತ ತಿನ್ನುವ ಮಕ್ಕಳ ಆರು ಕೇಸು ಹೊಸದಾಗಿ ಬಂದಿದ್ದವು. ಊರವರಿಗೆ ನನ್ನ ಮೇಲೆ ಸಿಟ್ಟಿತ್ತು, ಸುಖವಾಗಿದ್ದ ಗದ್ದಲಕ್ಕೆ ಸಂಶಯ ಅಂಟಿಸಿದ್ದಕ್ಕೆ.

ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ ಕಸ್ತೂರೆವ್ವನ ಮನೆಗೆ ಹೋದೆ. ಯಾವ ಅಧಿಕಾರವೂ ಇಲ್ಲದೆ, ಹುಡುಗಿಯ ಮುಂದೆ ತಪ್ಪೊಪ್ಪಿಕೊಳ್ಳಲು. ಕಸ್ತೂರೆವ್ವ ಬಾಗಿಲ ಮುಂದಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ತಾನು ಹೊಸ್ತಿಲ ಬಳಿ ಕೂತಳು. ಕೆಲಸದ ಪಾಳಿ ಬದಲಿಸಿಕೊಂಡಿದ್ದಳು. ಬೆಳಿಗ್ಗೆ ಮಗಳ ತಲೆ ಬಾಚುತ್ತಾಳಂತೆ, ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಾರಂತೆ. "ಕಿವಿಗೊಟ್ಟು ಕುಂದರ್ತೀನ್ರಿ ಸರ. ಬರವಲ್ದು. ನನ್ನ ಕಿವೀನ ಸತ್ತದೇನೋ." ಮಗಳು ಮನೆಯಲ್ಲಿ ಹೇಗೆ ಓಡಾಡುತ್ತಾಳೆ ಎಂದು ಕೇಳಿದೆ. ತುದಿಗಾಲ ಮೇಲೆ ಎಂದಳು. ಲೋಟ ಇಡುವಾಗ ಕೆಳಗೆ ಅಂಗೈ ಇಟ್ಟು ಆಮೇಲೆ ಬೆರಳು ಒಂದೊಂದಾಗಿ ತೆಗೆಯುತ್ತಾಳೆ ಎಂದಳು. ಆಗ ನನಗೆ ತಿಳಿಯಿತು. ಈ ಮನೆಯಲ್ಲಿ ಈಗ ಕಿವಿ ಇತ್ತು. ಕಿವಿ ಎಂದರೆ ಏನೆಂದು ಹುಡುಗಿ ಅತ್ತೆಯ ಮನೆಯಲ್ಲಿ ಕಲಿತು ಬಂದಿದ್ದಳು. ಸದ್ದನ್ನು ಈಗ ಅವಳೇ ಅಡಗಿಸುತ್ತಿದ್ದಳು.

ಅಷ್ಟರಲ್ಲಿ ದಾಕ್ಷಿ ಶಾಲೆಯಿಂದ ಬಂದಳು. ನನ್ನನ್ನು ಕಂಡು ಅಂಗಳದಲ್ಲೇ ನಿಂತಳು. ನಾನು ಎದ್ದು ನಿಂತೆ. "ಮಾತು ಕೊಟ್ಟು ಮುರದೆ ದಾಕ್ಷಿ. ಅದು ನನ್ನ ತಪ್ಪು," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಆದರೆ ಅವಳಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಖರೇ ಹೇಳ್ತೀನಿ, ಮತ್ತ ಹಂಗ ಆದ್ರ ಮತ್ತ ಮುರೀತೀನಿ."

ಅವಳ ಮುಖ ಕೆಂಪೇರಿತು. ನಮ್ಮಿಬ್ಬರ ನಡುವೆ ಹಾಯ್ದು ಒಳಗೆ ಹೋಗಿ ಬಾಗಿಲನ್ನು ಎಳೆದು ಅಪ್ಪಳಿಸಿದಳು. ಢಣಾರೆಂದಿತು. ಚೌಕಟ್ಟಿನ ಮಣ್ಣು ಉದುರಿತು, ಎದುರು ಮನೆಯಾಕೆ ಹೊರಗೆ ಬಂದು ನೋಡಿದಳು.

ಕಸ್ತೂರೆವ್ವ ಅರ್ಧ ಎದ್ದವಳು ಹಾಗೆಯೇ ಕೂತಳು. ಒಳಗಿನಿಂದ ಉಸಿರೂ ಕೇಳುತ್ತಿರಲಿಲ್ಲ. ಬಾಗಿಲ ಹಿಂದೆ ಹುಡುಗಿ ಮುಂದೇನಾಗುತ್ತದೆಂದು ಕಾಯುತ್ತ ನಿಂತಿದ್ದಾಳೆಂದು ನನಗೆ ಗೊತ್ತಿತ್ತು. ತಾಯಿಗೂ ಗೊತ್ತಾಗಿರಬೇಕು. ಅವಳು ಬಾಗಿಲತ್ತ ತಿರುಗಿದಳು. 

"ಬಾಗಲಾ ಗಟ್ಟಿ ಅದ ಬಿಡವಾ," ಎಂದಳು ಕೊನೆಗೆ.

ಬಾಗಿಲು ಒಂದು ಗೇಣು ತೆರೆಯಿತು. ದಾಕ್ಷಿ ಅವ್ವನ ಮುಖವನ್ನು ನೋಡಿದಳು, ಬಹಳ ಹೊತ್ತು. ನನ್ನತ್ತ ಒಮ್ಮೆ ನೋಡಿದಳು, ಸಿಟ್ಟು ಇಳಿದಿರಲಿಲ್ಲ. ಮತ್ತೆ ಎರಡೂ ಕೈಯಿಂದ ಬಾಗಿಲನ್ನು ಎಳೆದಳು. ಈ ಸಲದ್ದು ಮೊದಲಿನದಕ್ಕಿಂತ ಜೋರಾಗಿತ್ತು.